ಬಾದಾಮಿಯ ಅರ್ಧನಾರೀಶ್ವರ

ಬಾಗಲಕೋಟೆ ಜಿಲ್ಲೆಯ ಬಾದಾಮಿಯು ಚಾಲುಕ್ಯರ ರಾಜಧಾನಿಯಾಗಿ ಮೆರೆದ ವಾತಾಪಿ ನಗರ. ಅಗಸ್ತ್ಯತೀರ್ಥದ ದಡದ ಕೆಂಪು ಮರಳುಗಲ್ಲಿನ ಬೆಟ್ಟದಲ್ಲಿ ನಾಲ್ಕು ಗುಹಾಲಯಗಳು ಒಂದರ ಮೇಲೊಂದು ಹಂತದಲ್ಲಿ ಕೊರೆಯಲ್ಪಟ್ಟಿವೆ. ಮೊದಲನೆಯದು ಶೈವ, ನಡುವಿನ ಎರಡು ವೈಷ್ಣವ, ನಾಲ್ಕನೆಯದು ಜೈನ. ಮೂರನೆಯದರ ಶಾಸನವು ಶಕವರ್ಷ 500, ಅಂದರೆ ಕ್ರಿ.ಶ. 578ರ ಕಾಲವನ್ನು ಹೇಳುತ್ತದೆ. ಒಂದೇ ಬೆಟ್ಟದಲ್ಲಿ ಇಷ್ಟು ಮತಗಳಿಗೆ ಎಡೆ ದೊರೆತದ್ದೇ ಒಂದು ದೊಡ್ಡ ಪಾಠ.

ಪ್ರವಾಸಿಗರು ಬಹುಮಟ್ಟಿಗೆ ಮೊದಲ ಗುಹೆಯ ಹೊರಬಂಡೆಯಲ್ಲಿರುವ ಹದಿನೆಂಟು ತೋಳುಗಳ ನಟರಾಜನನ್ನು ನೋಡಿ ಬೆರಗಾಗಿ ಮುಂದೆ ನಡೆದುಬಿಡುತ್ತಾರೆ. ಆದರೆ ಮೊಗಸಾಲೆಯ ಎರಡು ಕೊನೆಗಳಲ್ಲಿರುವ ಶಿಲ್ಪಗಳ ಮುಂದೆ ತುಸು ನಿಲ್ಲಬೇಕು. ಒಂದೆಡೆ ಹರಿಹರ, ಇನ್ನೊಂದೆಡೆ ಅರ್ಧನಾರೀಶ್ವರ. ಹರಿ ದೊಡ್ಡವನೋ ಹರ ದೊಡ್ಡವನೋ ಎಂಬ ಭಕ್ತರ ಜಗಳಕ್ಕೆ ಮೊದಲನೆಯದು ಉತ್ತರ. ಗಂಡು ದೊಡ್ಡವನೋ ಹೆಣ್ಣು ದೊಡ್ಡವಳೋ ಎಂಬ ಮನೆಯ ಜಗಳಕ್ಕೆ ಎರಡನೆಯದು ಉತ್ತರ.

ಅರ್ಧನಾರೀಶ್ವರನಿಗೆ ನಾಲ್ಕು ಕೈಗಳು. ಶಿವನ ಕೈಯಲ್ಲಿ ಪರಶು, ದೇವಿಯ ಕೈಯಲ್ಲಿ ತಾವರೆ. ಉಳಿದ ಎರಡು ಕೈಗಳು, ಅವನದೊಂದು ಅವಳದೊಂದು, ಕೂಡಿ ಒಂದೇ ವೀಣೆಯನ್ನು ಹಿಡಿದಿವೆ. ಆಯುಧ ಬೇರೆ, ಹೂವು ಬೇರೆ. ನಾದ ಮಾತ್ರ ಇಬ್ಬರದೂ. ಈ ಒಂದು ಭಾವವನ್ನು ಕಲ್ಲಿಗೆ ಇಳಿಸಿದ ಶಿಲ್ಪಿಯು ದಾಂಪತ್ಯವನ್ನು ಬಲ್ಲವನಾಗಿರಬೇಕು.

ಶಿವನ ಪಕ್ಕದಲ್ಲಿ ನಂದಿಯೊಡನೆ ಎಲುಬಿನ ಗೂಡಾಗಿ ನಿಂತಿರುವವನು ಭೃಂಗಿ. ಅವನ ಕಥೆಯನ್ನು ಹಿರಿಯರಿಂದ ಕೇಳಿದವರು ಅನೇಕರಿದ್ದಾರೆ. ಶಿವನನ್ನಲ್ಲದೆ ಪಾರ್ವತಿಯನ್ನು ಪೂಜಿಸೆನೆಂದು ಅವನ ಹಟ. ಇಬ್ಬರೂ ಒಂದೇ ದೇಹವಾದಾಗಲೂ ದುಂಬಿಯಾಗಿ ನಡುವೆ ಕೊರೆದು ಶಿವನೊಬ್ಬನನ್ನೇ ಸುತ್ತಲು ಹೊರಟನಂತೆ. ಆಗ ದೇವಿಯು ತಾಯಿಯಿಂದ ಬಂದ ರಕ್ತಮಾಂಸಗಳನ್ನು ಹಿಂದಕ್ಕೆ ಪಡೆದಳು. ಉಳಿದದ್ದು ಮೂಳೆ. ನಿಲ್ಲಲಾರದವನಿಗೆ ಶಿವನು ಮೂರನೆಯ ಕಾಲನ್ನು ಕರುಣಿಸಿದನಂತೆ.

ಪುರಾಣವನ್ನು ನಡೆದ ಸಂಗತಿಯೆಂದು ಓದಿದರೆ ಇದು ಬರಿಯ ವಿಚಿತ್ರ ಕಥೆ. ಸುಳ್ಳೆಂದು ತಳ್ಳಿದರೆ ಅದರ ತಿರುಳೇ ಕೈತಪ್ಪುತ್ತದೆ. ಇಲ್ಲಿ ಭೃಂಗಿಯು ನಾಸ್ತಿಕನಲ್ಲ, ಪರಮಭಕ್ತ. ತಪ್ಪಿದ್ದುದು ಅವನ ಭಕ್ತಿಯಲ್ಲಲ್ಲ, ಅದರ ಅರೆಗಣ್ಣಿನಲ್ಲಿ. ಗಂಡನ್ನಷ್ಟೇ ಕಾಣುವ ಧರ್ಮವು ತನ್ನ ಕಾಲಮೇಲೆ ತಾನು ನಿಲ್ಲಲಾರದೆಂಬುದೇ ಈ ಕಥೆಯ ಅಂತರಾರ್ಥ.

ದೇವಿಗೆ ಎಡಭಾಗವನ್ನಷ್ಟೇ ಕೊಟ್ಟರಲ್ಲಾ ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದದ್ದೇ. ಬಲವೇ ಶ್ರೇಷ್ಠವೆಂಬ ಲೋಕದ ಎಣಿಕೆಯನ್ನು ಶಿಲ್ಪವೂ ಪೂರ್ತಿ ಮೀರಿಲ್ಲ. ಆದರೆ ಹೃದಯ ಮಿಡಿಯುವುದೂ ಎಡಗಡೆಯಲ್ಲಿಯೇ ಎಂಬುದನ್ನು ಮರೆಯಬಾರದು.

ಇದೇ ಜಿಲ್ಲೆಯ ಕೂಡಲಸಂಗಮವು ಬಸವಣ್ಣನವರ ಐಕ್ಯಸ್ಥಳ. ಅಕ್ಕ ನಾಗಮ್ಮನಿಗೆ ಇಲ್ಲದ ಉಪನಯನ ತನಗೂ ಬೇಡವೆಂದು ಅವರು ಮನೆ ಬಿಟ್ಟರೆಂಬ ಐತಿಹ್ಯವಿದೆ. ಶಿಲ್ಪವು ದೇವರ ಮೈಯಲ್ಲಿ ತೋರಿದ ಸಮಪಾಲನ್ನು ಹನ್ನೆರಡನೆಯ ಶತಮಾನದ ಶರಣರು ಹೆಣ್ಣಿನ ಅಂಗೈಗೆ ಇಷ್ಟಲಿಂಗವಾಗಿ ಇತ್ತರು.

ನಾವು ಎಷ್ಟು ಇತ್ತಿದ್ದೇವೆ? ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ನೀಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲಿ, ಇಡೀ ದೇಶಕ್ಕೆ 2005ರಲ್ಲಿ ಜಾರಿಗೆ ಬಂದಿತು. ಆದರೂ ಮಗಳನ್ನು ತವರಿಗೆ ಕರೆಸಿ, ಉಡಿ ತುಂಬಿ, ಹಕ್ಕು ಬಿಟ್ಟ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ಮನೆಗಳು ಇನ್ನೂ ಇವೆ. ಪೂಜೆಯ ಕೋಣೆಯಲ್ಲಿ ಶಿವಪಾರ್ವತಿಯರ ಪಟವಿದ್ದೂ ಪಾಲಿನ ಹೊತ್ತಿಗೆ ನಾವು ಭೃಂಗಿಗಳಾಗುತ್ತೇವೆ.

ಬಾದಾಮಿಗೆ ಮಕ್ಕಳೊಡನೆ ಹೋಗುವವರು ಅವರಿಗೆ ನಟರಾಜನ ತೋಳುಗಳನ್ನು ಎಣಿಸಲು ಹೇಳಲಿ. ಬಳಿಕ ಒಳಗೆ ಕರೆದೊಯ್ದು, ಎರಡು ಕೈಗಳು ಹಿಡಿದ ಒಂದು ವೀಣೆಯನ್ನೂ ತೋರಿಸಲಿ.