ಬೋರ್ ನೀರಿನ ಹಲ್ಲು

ಬೆಂಗಳೂರಿನಲ್ಲಿ ನಮ್ಮ ಕಡೆ ಮಂದಿಯನ್ನ ಗುರುತು ಹಿಡಿಯೋಕೆ ಎರಡು ದಾರಿ ಇವೆ. ಒಂದು ಮಾತು. ‘ಹೌದಲ್ರಿ’, ‘ಹಂಗೇನಿಲ್ರಿ’ ಅಂದ ಕೂಡಲೇ ಗೊತ್ತಾಗಿಬಿಡುತ್ತೆ. ಇನ್ನೊಂದು ಹಲ್ಲು. ಮುಂದಿನ ಹಲ್ಲುಗಳ ಮೇಲೆ ಸುಣ್ಣದ ನೀರು ಚಿಮುಕಿಸಿದಂಥ ಬಿಳಿ ಮಚ್ಚೆ, ನಡುವೆ ಅಡ್ಡಡ್ಡ ಕಂದು ಗೀರು ಕಂಡರೆ ನಾನು ಧೈರ್ಯವಾಗಿ ಕೇಳ್ತೀನಿ: ‘ಮುಂಡರಗಿ ಕಡೆಯವ್ರೇನ್ರಿ?’ ಮುಂಡರಗಿ ಅಲ್ಲದಿದ್ದರೆ ಶಿರಹಟ್ಟಿ, ಅದೂ ಅಲ್ಲದಿದ್ದರೆ ಕೊಪ್ಪಳ. ಕೇಳಿಸಿಕೊಂಡವರು ಮೊದಲು ತುಟಿ ಮುಚ್ಚಿಕೊಳ್ತಾರೆ. ಆಮೇಲೆ ನನ್ನ ಹಲ್ಲು ನೋಡಿ ನಗ್ತಾರೆ.

ಊರಲ್ಲಿದ್ದಾಗ ಇದೊಂದು ತೊಂದರೆ ಅಂತಲೇ ಅನಿಸಿರಲಿಲ್ಲ. ಎಲ್ಲರಿಗೂ ಇತ್ತಲ್ಲ! ಇದ್ದಿಲು, ಉಪ್ಪು, ಕುಳ್ಳಿನ ಬೂದಿ ಎಲ್ಲಾ ಹಾಕಿ ತಿಕ್ಕಿದ್ದೂ ಆಯ್ತು. ಇಂಜಿನಿಯರಿಂಗ್ ಹಾಸ್ಟೆಲ್‌ಗೆ ಬಂದ ಮೇಲೆ ರೂಮ್‌ಮೇಟ್ ಮೆಲ್ಲಗೆ ಕೇಳಿದ, ‘ಗುಟ್ಕಾ ಹಾಕ್ತೀಯೇನೋ?’ ನಾನು ಹಾಕುತ್ತಿರಲಿಲ್ಲ. ಆದರೆ ಅವತ್ತಿನಿಂದ ಗ್ರೂಪ್ ಫೋಟೋಗಳಲ್ಲಿ ನನ್ನ ಬಾಯಿ ಮುಚ್ಚೇ ಇದೆ.

ತಿಕ್ಕಿದರೆ ಹೋಗದಿರೋದಕ್ಕೆ ಕಾರಣ ಸರಳ. ಕಲೆ ಹಲ್ಲಿನ ಮೇಲೆ ಕೂತಿಲ್ಲ, ಹಲ್ಲಿನ ಒಳಗಿದೆ. ನಮ್ಮ ನೆಲದಡಿಯ ಗಟ್ಟಿ ಬಂಡೆಗಳಲ್ಲಿ ಫ್ಲೋರೈಡ್ ಇರುವ ಖನಿಜಗಳಿವೆ. ಬಂಡೆಯ ಸೀಳುಗಳಲ್ಲಿ ವರ್ಷಗಟ್ಟಲೆ ನಿಂತ ನೀರಿಗೆ ಅದು ಕರಗಿ ಸೇರುತ್ತೆ. ಮಳೆ ಕೈಕೊಟ್ಟಾಗಲೆಲ್ಲ ಬೋರ್ ಆಳಕ್ಕೆ ಇಳಿಸ್ತಾ ಹೋದೆವು. ಕುಡಿಯೋ ನೀರಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸಾಕು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ನಡೆಯುತ್ತೆ ಅನ್ನೋದು ನಮ್ಮ ದೇಶದ ಮಾನದಂಡ. ಮುಂಡರಗಿ, ಶಿರಹಟ್ಟಿ ಭಾಗದ ಎಷ್ಟೋ ಬೋರ್‌ಗಳು ಆ ಗೆರೆ ದಾಟಿವೆ. ಹುಟ್ಟಿದಾಗಿನಿಂದ ಸುಮಾರು ಎಂಟು ವರ್ಷದ ತನಕ, ದವಡೆಯೊಳಗೆ ಹಲ್ಲಿನ ಎನಾಮೆಲ್ ತಯಾರಾಗುವ ಹೊತ್ತಿಗೆ ಇಂಥ ನೀರು ಕುಡಿದರೆ, ಎನಾಮೆಲ್ ಪೂರ್ತಿ ಗಟ್ಟಿಯಾಗದೆ ಒಳಗೆ ಸಣ್ಣ ಸಣ್ಣ ರಂಧ್ರ ಉಳಿಯುತ್ತೆ. ಕಂದು ಬಣ್ಣ ಆಮೇಲೆ ಅದರೊಳಕ್ಕೆ ಇಳಿಯೋದು. ಅಂದರೆ ಇದು ರೀಡ್ ಓನ್ಲಿ ಮೆಮೊರಿ ಇದ್ದಂಗೆ. ಬಾಲ್ಯದಲ್ಲಿ ಕುಡಿದ ನೀರಿನ ದಾಖಲೆ ಮುಂದಿನ ಹಲ್ಲಿನ ಮೇಲೇ ಬರೆದಿರುತ್ತೆ.

ಇದು ನಮ್ಮೊಬ್ಬರದೇ ಕಥೆಯಲ್ಲ. 1901ರಲ್ಲಿ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್‌ಗೆ ಬಂದ ಫ್ರೆಡರಿಕ್ ಮೆಕೇ ಅನ್ನೋ ಹಲ್ಲಿನ ಡಾಕ್ಟರ್, ಅಲ್ಲಿನವರ ಕಂದು ಹಲ್ಲು ನೋಡಿ ತಲೆ ಕೆಡಿಸಿಕೊಂಡ. ಕಾರಣ ಫ್ಲೋರೈಡ್ ಅಂತ ಗೊತ್ತಾಗೋಕೆ 1931ರ ತನಕ ಕಾಯಬೇಕಾಯ್ತು. ಆದರೆ ಮೆಕೇ ಮೊದಲೇ ಒಂದು ಮಾತು ಗಮನಿಸಿದ್ದ: ಈ ಕಲೆಯ ಹಲ್ಲುಗಳು ಹುಳುಕಿಗೆ ಸುಲಭಕ್ಕೆ ಬಗ್ಗಲ್ಲ. ನೋಡೋಕೆ ಚಂದ ಇಲ್ಲ ಅಷ್ಟೇ, ಕೆಲಸಕ್ಕೆ ಬಾರದವಲ್ಲ. ಈ ಮಾತು ನೆನಪಿಟ್ಟುಕೊಳ್ಳಿ.

ಲಕ್ಷ್ಮೇಶ್ವರದಲ್ಲಿರೋ ನನ್ನ ಅಕ್ಕನ ಮಗಳು ಬಿ.ಕಾಂ. ಮುಗಿಸಿ ಕೆಲಸ ಹುಡುಕೋಕೆ ನಮ್ಮ ಮನೆಗೆ ಬಂದಳು. ಲೆಕ್ಕದಲ್ಲಿ ಚುರುಕು, ಮಾತಲ್ಲೂ ಚುರುಕು. ಆದರೆ ಇಂಟರ್‌ವ್ಯೂನಲ್ಲಿ ನಗೋ ಪ್ರಸಂಗ ಬಂದರೆ ಕೈ ಬಾಯಿಗೆ ಹೋಗುತ್ತೆ. ‘ಮಾಮಾ, ಅವ್ರು ನನ್ನ ಮಾತ್ ಕೇಳಾಕತ್ತಾರೋ ಹಲ್ಲ್ ನೋಡಾಕತ್ತಾರೋ ಅಂತ ಅನಸ್ತೈತಿ’ ಅಂದಳು. ಹತ್ತಿರದ ಒಂದು ಕ್ಲಿನಿಕ್‌ಗೆ ಕರಕೊಂಡು ಹೋದೆ. ಹತ್ತು ನಿಮಿಷದಲ್ಲಿ ಎಸ್ಟಿಮೇಟ್ ಕೈಗೆ ಬಂತು: ಮುಂದಿನ ಎಂಟು ಹಲ್ಲಿಗೂ ಕ್ಯಾಪ್. ನನ್ನ ಎರಡು ತಿಂಗಳ ಇಎಂಐಗಿಂತ ಜಾಸ್ತಿ. ದುಡ್ಡಿನ ಮಾತು ಬಿಡಿ, ಕ್ಯಾಪ್ ಕೂರಿಸಬೇಕಂದರೆ ಹಲ್ಲನ್ನ ಸುತ್ತಲೂ ಒಂದರಿಂದ ಎರಡು ಮಿಲಿಮೀಟರ್ ಕೊರೆದು ಸಣ್ಣದು ಮಾಡಬೇಕು. ಕೊರೆದ ಎನಾಮೆಲ್ ಮತ್ತೆ ಬೆಳೆಯಲ್ಲ. ಇಪ್ಪತ್ತೆರಡು ವರ್ಷದ ಹುಡುಗಿ, ಒಂದೂ ಹುಳುಕಿಲ್ಲದ ಎಂಟು ಹಲ್ಲು!

ಇನ್ನೊಬ್ಬ ಡಾಕ್ಟರ್ ಹತ್ತಿರ ಹೋದೆವು. ಅವರು ಹಲ್ಲಿನ ಫೋಟೋ ತೆಗೆದು ಒಂದೇ ಮಾತು ಹೇಳಿದರು: ‘ಕಡಿಮೆ ಕೆಲಸದಿಂದ ಶುರು ಮಾಡೋಣ. ಸಾಲದಿದ್ದರೆ ಮುಂದಿನ ಮೆಟ್ಟಿಲು.’ ಆ ಮೆಟ್ಟಿಲುಗಳು ಹೀಗಿದ್ದವು. ಕಂದು ಬಣ್ಣಕ್ಕೆ ಮೊದಲು ಬ್ಲೀಚಿಂಗ್. ಅದಾದ ಮೇಲೆ ಎರಡು ವಾರ ಬಿಡುವು, ಯಾಕೆಂದರೆ ಹಲ್ಲಲ್ಲಿ ಉಳಿದ ಆಕ್ಸಿಜನ್ ಇದ್ದರೆ ಮುಂದೆ ಹಾಕೋ ರೆಸಿನ್ ಸರಿಯಾಗಿ ಹಿಡಿಯಲ್ಲ. ಆಮೇಲೆ ಬಿಳಿ ಮಚ್ಚೆಗಳಿಗೆ ರೆಸಿನ್ ಇನ್‌ಫಿಲ್ಟ್ರೇಶನ್.

ಇದರ ಹಿಂದಿನ ವಿಜ್ಞಾನ ನನಗೆ ಭಾಳ ಹಿಡಿಸಿತು. ಬಿಳಿ ಧೋತರ ಒಣಗಿದ್ದಾಗ ಅಚ್ಚ ಬಿಳಿ, ನೆನೆದರೆ ಒಳಗಿನ ಮೈ ಕಾಣುತ್ತೆ. ನೂಲಿನ ಸಂದಿಯಲ್ಲಿ ಗಾಳಿ ಇದ್ದರೆ ಬೆಳಕು ಚದುರುತ್ತೆ, ನೀರು ತುಂಬಿದರೆ ಚದುರೋದು ಕಡಿಮೆಯಾಗುತ್ತೆ. ಹಲ್ಲಿನ ಮಚ್ಚೆಯೂ ಅಷ್ಟೇ. ಎನಾಮೆಲ್‌ನ ವಕ್ರೀಭವನ ಸೂಚ್ಯಂಕ 1.62. ರಂಧ್ರದಲ್ಲಿರೋ ಗಾಳಿಯದ್ದು 1, ನೀರಿನದ್ದು 1.33. ಈ ವ್ಯತ್ಯಾಸದಿಂದಲೇ ಸೀಮೆಸುಣ್ಣದಂಥ ಬಿಳುಪು. ರಂಧ್ರಗಳಿಗೆ 1.5ರ ಆಸುಪಾಸಿನ ತೆಳ್ಳಗಿನ ರೆಸಿನ್ ಇಳಿಸಿದರೆ ಮಚ್ಚೆ ಸುತ್ತಲಿನ ಹಲ್ಲಿನ ಬಣ್ಣಕ್ಕೆ ಸೇರಿಹೋಗುತ್ತೆ. ಜರ್ಮನಿಯಲ್ಲಿ ಬೆಳೆದು 2009ರ ಹೊತ್ತಿಗೆ ಮಾರುಕಟ್ಟೆಗೆ ಬಂದ ವಿಧಾನ ಇದು.

ಒಸಡಿಗೆ ತಾಗದಂತೆ ರಬ್ಬರ್ ಹಾಳೆ ಕಟ್ಟಿದರು. 15 ಶೇಕಡಾ ಹೈಡ್ರೋಕ್ಲೋರಿಕ್ ಆಸಿಡ್ ಇರೋ ಜೆಲ್ ಎರಡು ನಿಮಿಷ ಹಚ್ಚಿ ತೊಳೆದರು. ರಂಧ್ರಗಳ ಬಾಯಿ ತೆರೆದ ಮೇಲೆ ಆಲ್ಕೋಹಾಲ್‌ನಿಂದ ಒಣಗಿಸಿದರು. ಆಮೇಲೆ ರೆಸಿನ್ ಸವರಿ, ಅದು ತಾನೇ ಒಳಗೆ ಇಳಿಯೋ ತನಕ ಕಾದು, ನೀಲಿ ಬೆಳಕು ಹಿಡಿದು ಗಟ್ಟಿ ಮಾಡಿದರು. ಡ್ರಿಲ್ ಇಲ್ಲ, ಇಂಜೆಕ್ಷನ್ ಇಲ್ಲ. ಎರಡು ಹಲ್ಲಿನಲ್ಲಿ ಮಾತ್ರ ಕಂದು ಗುಳಿ ಆಳವಾಗಿತ್ತು. ಅಲ್ಲಿಗೆ ಕಾಂಪೋಸಿಟ್, ಅಂದರೆ ಗಾಜಿನ ಸಣ್ಣ ಪುಡಿ ಬೆರೆಸಿದ ರೆಸಿನ್, ಹಲ್ಲಿನ ಬಣ್ಣಕ್ಕೆ ಹೊಂದಿಸಿ ಪದರ ಪದರವಾಗಿ ಹಚ್ಚಿದರು. ಆಸಿಡ್ ಸವರಿದರೆ ರೆಸಿನ್ ಎನಾಮೆಲ್‌ಗೆ ಕಚ್ಚಿಕೊಳ್ಳುತ್ತೆ ಅಂತ ಮೈಕಲ್ ಬ್ಯೂನೊಕೊರ್ ತೋರಿಸಿದ್ದು 1955ರಲ್ಲಿ. ಹಲ್ಲು ಕೊರೆಯದೆ ಅಂಟಿಸೋ ಇವತ್ತಿನ ಕೆಲಸವೆಲ್ಲ ಅದರ ಮೇಲೇ ನಿಂತಿದೆ.

ಅವತ್ತು ಅಕ್ಕ ಫೋನ್‌ನಲ್ಲಿ ಕೇಳಿದಳು, ‘ಹಲ್ಲ್ ಕೆತ್ತತಾರೇನೋ ತಮ್ಮಾ?’

‘ಇಲ್ಲಕ್ಕ, ಕೆತ್ತೂದಿಲ್ಲ. ತುಂಬತಾರ.’

ಇದು ಶಾಶ್ವತ ಅಲ್ಲ. ಕಾಂಪೋಸಿಟ್ ಸವೆಯುತ್ತೆ, ಚಹಾ, ಅರಿಶಿನ, ತಂಬಾಕಿಗೆ ಬಣ್ಣ ಹಿಡಿಯುತ್ತೆ, ನಡುನಡುವೆ ಪಾಲಿಶ್ ಬೇಕು, ಕೆಲವು ವರ್ಷಕ್ಕೆ ರಿಪೇರಿಯೂ ಬೇಕಾಗಬಹುದು. ಗುಳಿ ಬಿದ್ದು ಚಕ್ಕೆ ಎದ್ದ ಹಲ್ಲಿಗೆ ಇನ್‌ಫಿಲ್ಟ್ರೇಶನ್ ಒಂದೇ ಸಾಲಲ್ಲ. ತೀರಾ ಹಾಳಾದ ಹಲ್ಲಿಗೆ ಕ್ಯಾಪೇ ಸರಿ ಇರಬಹುದು. ಆದರೆ ರೆಸಿನ್ ಹಾಕಿಸಿಕೊಂಡವರಿಗೆ ನಾಳೆ ಕ್ಯಾಪ್‌ನ ದಾರಿ ತೆರೆದಿರುತ್ತೆ. ಕ್ಯಾಪ್ ಹಾಕಿಸಿಕೊಂಡವರಿಗೆ ವಾಪಸ್ ಬರೋ ದಾರಿ ಇಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಇಲ್ಲಿ ರೋಲ್‌ಬ್ಯಾಕ್ ಇಲ್ಲ. ಹಾಗಾಗಿ ಡಾಕ್ಟರ್ ಹತ್ತಿರ ಕೂತಾಗ ‘ಎಷ್ಟು ಬಿಳಿ ಆಗುತ್ತೆ?’ ಅಂತ ಕೇಳೋ ಮೊದಲು ‘ಎಷ್ಟು ಹಲ್ಲು ತೆಗೀತೀರಿ?’ ಅಂತ ಕೇಳಿ. ಖರ್ಚಿನ ಚಿಂತೆ ಇದ್ದರೆ ದಂತ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ವಿಚಾರಿಸಿ. ಗದಗದವರಿಗೆ ಧಾರವಾಡದ ಸತ್ತೂರಿನಲ್ಲಿರೋ ಎಸ್‌ಡಿಎಂ ದಂತ ಕಾಲೇಜು ದೂರವೇನಲ್ಲ.

ಬಿಲ್ ಕಟ್ಟುವಾಗ ಇನ್ಶೂರೆನ್ಸ್ ನಿಯಮ ಓದಿದೆ. ‘ಕಾಸ್ಮೆಟಿಕ್’ ಚಿಕಿತ್ಸೆಗೆ ಹಣ ಬರಲ್ಲ. ಕಾಸ್ಮೆಟಿಕ್ ಅಂದರೆ ಶೋಕಿ ಅಂತ ಅರ್ಥ. ನಲ್ಲಿಯಲ್ಲಿ ಬಂದ ನೀರನ್ನ ಕುಡಿದದ್ದಕ್ಕೆ ಒಂದು ಮಗು ಇಪ್ಪತ್ತು ವರ್ಷ ಬಾಯಿ ಮುಚ್ಚಿ ನಕ್ಕರೆ, ಅದನ್ನ ಸರಿ ಮಾಡಿಸೋದು ಹೆಂಗ್ರಿ ಶೋಕಿ ಆಗುತ್ತೆ? ಹಾಗಂತ ಎಲ್ಲರೂ ಮಾಡಿಸಲೇಬೇಕು ಅಂತಲೂ ಅಲ್ಲ. ನಾನು ನನ್ನ ಹಲ್ಲನ್ನ ಹಾಗೇ ಬಿಟ್ಟಿದ್ದೀನಿ, ನನಗೀಗ ಅದರ ಭಾರ ಇಲ್ಲ. ಅವಳಿಗೆ ಇತ್ತು, ಇಳಿಸಿಕೊಂಡಳು. ಊರಿಗೆ ಹೋದಾಗ ನಮ್ಮ ಅಮ್ಮ ಮೊಮ್ಮಗಳ ಮುಖ ಹಿಡಿದು ನೋಡಿ, ‘ಚಂದ ಆಗ್ಯಾವು ಬಿಡವಾ, ಆದ್ರ ಇನ್ನ್ ಮ್ಯಾಲ ನಮ್ಮ ಮನಿ ಹುಡುಗಿ ಅಂತ ಹೆಂಗ್ ಗೊತ್ತಾಗಬೇಕು?’ ಅಂದಳು. ಹುಡುಗಿ ಕೈ ಅಡ್ಡ ಇಡದೆ ನಕ್ಕಳು.

ರೆಸಿನ್ ಒಂದು ಬಾಯಿಯನ್ನ ಸರಿ ಮಾಡುತ್ತೆ, ಊರನ್ನಲ್ಲ. 2013ರಲ್ಲಿ ಗದಗದ ಎಚ್.ಕೆ. ಪಾಟೀಲರು ಗ್ರಾಮೀಣಾಭಿವೃದ್ಧಿ ಸಚಿವರಾದ ಮೇಲೆ ಹಳ್ಳಿಗಳಿಗೆ ಶುದ್ಧ ನೀರಿನ ಘಟಕಗಳು ಬಂದವು. ತುಂಗಭದ್ರೆಯ ನೀರೂ ಪೈಪಿನಲ್ಲಿ ಬರ್ತಿದೆ. ಆದರೆ ಘಟಕದ ಮಷಿನ್ ಕೆಟ್ಟ ದಿನ ಕೊಡ ಮತ್ತೆ ಬೋರ್ ಕಡೆಗೇ ಹೋಗುತ್ತೆ. ‘ಕುದಿಸಿ ಕೊಡ್ತೀವಲ್ಲ’ ಅನ್ನೋರಿದ್ದಾರೆ. ಕುದಿಸಿದರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾಗಿ ಇನ್ನಷ್ಟು ಗಟ್ಟಿಯಾಗುತ್ತೆ. ಊರಲ್ಲಿ ಎಂಟು ವರ್ಷದೊಳಗಿನ ಮಕ್ಕಳಿರೋ ಮನೆ ನಿಮ್ಮದಾಗಿದ್ದರೆ, ಈ ಸಲ ಫೋನ್ ಮಾಡಿದಾಗ ಊಟ ಆಯ್ತಾ ಅಂತ ಕೇಳಿದ ಮೇಲೆ ಇದನ್ನೂ ಕೇಳಿ: ‘ಕೂಸಿಗೆ ಯಾವ ನೀರು ಕುಡಿಸ್ತೀರಿ?’