ಕೂಸಿಗೆ ಮುನ್ನ ಕುಲಾವಿ

ಎಂ.ಎ. ವಿದ್ಯಾರ್ಥಿನಿಯೊಬ್ಬಳು ಕಿರುಪ್ರಬಂಧಕ್ಕೆ ಹೆಸರು ಬರೆದುಕೊಂಡು ಬಂದಿದ್ದಳು: ‘ಕನ್ನಡ ಜನಪದ ಸಾಹಿತ್ಯ: ಒಂದು ಸಮಗ್ರ ಅಧ್ಯಯನ’. ನನಗೆ ನಗು ಬಂತು. ಮರುಗಳಿಗೆಯೇ ನಾಚಿಕೆಯೂ ಆಯಿತು. ನನ್ನ ಪ್ರಬಂಧದ ರಟ್ಟಿನ ಮೇಲೂ ಅದೇ ‘ಸಮಗ್ರ’ವಿದೆ, ಒಳಗೆ ಹುಡುಕಿದರೆ ಒಂದು ಪ್ರಶ್ನೆಯೂ ಸಿಗದು.

“ಹೆಸರು ಆಮೇಲಾಗಲಮ್ಮ. ನಿನಗೆ ತಿಳಿಯಬೇಕಾದದ್ದೇನು?” ಎಂದೆ.

ಬಹಳ ಹೊತ್ತು ಸುಮ್ಮನಿದ್ದು ಹೇಳಿದಳು: “ನಮ್ಮಜ್ಜಿಗೆ ಬೀಸುವ ಪದಗಳು ತುಂಬ ಬರುತ್ತಿದ್ದವಂತೆ, ಸಾರ್. ಈಗ ಹೇಳಜ್ಜಿ ಎಂದರೆ, ಕಲ್ಲಿಲ್ಲದೆ ನೆನಪಾಗೋದಿಲ್ಲ ಮಗಾ ಅಂತಾರೆ.”

ಹಲಸಂಗಿಯ ಗೆಳೆಯರ ‘ಗರತಿಯ ಹಾಡು’ 1931ರಲ್ಲಿ ಅಚ್ಚಾದಾಗ ಹಳ್ಳಿಯ ಮನೆಗಳಲ್ಲಿ ಬೀಸುವ ಕಲ್ಲು ಇನ್ನೂ ತಿರುಗುತ್ತಿತ್ತು. ಆ ಪುಸ್ತಕವನ್ನು ಇಪ್ಪತ್ತು ವರ್ಷ ಪಾಠ ಹೇಳಿದವನು ನಾನು. ಹಾಡು ಇರುವುದು ಬಾಯಲ್ಲೋ, ಗೂಟ ಹಿಡಿದ ಕೈಯಲ್ಲೋ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

“ಇದೇ ನಿನ್ನ ವಿಷಯ. ಊರಿಗೆ ಹೋಗು. ಹಿತ್ತಿಲಲ್ಲಿ ಬಿದ್ದಿರುವ ಕಲ್ಲು ತೊಳೆದು, ಒಂದು ಸೇರು ರಾಗಿ ಇಟ್ಟುಕೊಂಡು, ಅಜ್ಜಿಯ ಎದುರು ಕೂತು ನೀನೂ ಗೂಟ ಹಿಡಿ. ಯಾವ ಸಾಲು ಯಾವಾಗ ಬಂತೆಂದು ಬರೆದುಕೋ. ಹೆಸರು ತಾನಾಗಿ ಬರುತ್ತದೆ.”

“ಶುಕ್ರವಾರದೊಳಗೆ ಆಫೀಸಿಗೆ ಶೀರ್ಷಿಕೆ ಕೊಡಬೇಕಲ್ಲ, ಸಾರ್?”

“ಅಜ್ಜಿಗೆ ಎಷ್ಟು ವಯಸ್ಸು?”

“ಎಂಬತ್ತೆರಡು.”

ಇಬ್ಬರೂ ಮಾತಾಡಲಿಲ್ಲ. ಅವಳು ಸಂಜೆಯ ಬಸ್ಸಿಗೇ ಹೊರಟಳು. ಆಫೀಸಿನವರೊಡನೆ ಮಾತಾಡುವ ಕೆಲಸ ನನ್ನ ಪಾಲಿಗೆ ಬಂತು.