ಗ್ರಾಫಿಕ್ಸ್ ಕಾರ್ಡಿಗೂ ಸಾಲಾವಳಿ ನೋಡ್ಬೇಕು ಸ್ವಾಮಿ

ಮದುವೆ ವಿಡಿಯೋ ಎಡಿಟ್ ಮಾಡೋದು ನನ್ನ ಹೊಟ್ಟೆಪಾಡು. ಸಾಗರದ ಪೇಟೆಯಲ್ಲಿ ಔಷಧಿ ಅಂಗಡಿಯೊಂದರ ಮಹಡಿ ಮೇಲೆ ಹತ್ತಡಿ ಹನ್ನೆರಡಡಿ ರೂಮು. ಅದರಲ್ಲಿ ಒಂದು ಕಂಪ್ಯೂಟರ್, ಎರಡು ಮಾನಿಟರ್, ಒಂದು ಯುಪಿಎಸ್, ಮತ್ತೆ ನಾನು. ಕ್ಯಾಮೆರಾದವರು ಶೂಟ್ ಮಾಡಿದ್ದನ್ನ ತಂದು ಕೊಡ್ತಾರೆ, ನಾನು ಕತ್ತರಿಸಿ, ಜೋಡಿಸಿ, ಬಣ್ಣ ಸರಿ ಮಾಡಿ, ಹಾಡು ಹಾಕಿ ವಾಪಸ್ ಕೊಡ್ತೀನಿ. ವರ್ಷಕ್ಕೆ ನಲವತ್ತು-ಐವತ್ತು ಮದುವೆ ನೋಡ್ತೀನಿ, ಒಂದರಲ್ಲೂ ಊಟ ಮಾಡಿರಲ್ಲ :-)

ಇಷ್ಟೊಂದು ಮದುವೆ ನೋಡಿದ ಮೇಲೆ ಸಾಲಾವಳಿ ಅನ್ನೋ ಪದದ ಮೇಲೆ ನಂಗೆ ವಿಶೇಷ ಪ್ರೀತಿ. ಕಂಪ್ಯಾಟಿಬಿಲಿಟಿ ಅನ್ನೋದಕ್ಕೆ ಕನ್ನಡದಲ್ಲಿ ಹೊಂದಾಣಿಕೆ, ಹೊಂದಿಕೆ ಅಂತೆಲ್ಲ ಬರೀತಾರೆ. ನನ್ನ ಕೇಳಿದ್ರೆ ಸಾಲಾವಳಿನೇ ಸರಿ. ಹುಡುಗ ಒಳ್ಳೆಯವನು, ಹುಡುಗಿ ಒಳ್ಳೆಯವಳು, ಎರಡೂ ಮನೆಯವರು ಒಳ್ಳೆಯವರು, ಆದ್ರೂ ಆಗಿ ಬರಲಿಲ್ಲ. ಯಾರನ್ನ ಬೈಯೋದು? ಇದನ್ನ ನಾನು ಕಲಿತಿದ್ದು ಮದುವೆ ಮನೆಯಲ್ಲಲ್ಲ, ಒಂದು ಗ್ರಾಫಿಕ್ಸ್ ಕಾರ್ಡಿನಿಂದ.

2024ರ ಫೆಬ್ರವರಿ. ಇಲ್ಲೇ ಹತ್ತಿರದ ಊರಿನ ಒಂದು ಮದುವೆ. ಮದುಮಗಳ ಅಜ್ಜಿಗೆ 86 ವರ್ಷ. ಮದುವೆಗೆ ಎರಡು ತಿಂಗಳಿದ್ದಾಗ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದಿತ್ತು, ಛತ್ರಕ್ಕೆ ಬರೋ ಹಾಗಿರಲಿಲ್ಲ. ಮದುಮಗಳ ಅಪ್ಪ ರೂಮಿಗೇ ಬಂದು, "ವಿಡಿಯೋ ಸ್ವಲ್ಪ ಬೇಗ ಮಾಡಿಕೊಡಪ್ಪಾ. ಅಮ್ಮ ಮೊಮ್ಮಗಳ ಮದುವೆ ನೋಡೋದೇ ಅದರಲ್ಲಿ" ಅಂದ್ರು. "ಹದಿನೈದು ದಿನ ಸರ್, ಖಂಡಿತ" ಅಂದೆ. ಬಾಯಿಗೆ ಬೀಗ ಇಲ್ಲದಿದ್ರೆ ಹೀಗೇ ಆಗೋದು.

ಕ್ಯಾಮೆರಾದ ಹುಡುಗ ಆಗಷ್ಟೇ ಹೊಸ ಮಿರರ್‌ಲೆಸ್ ಕ್ಯಾಮೆರಾ ತಗೊಂಡಿದ್ದ. "ಅಣ್ಣಾ, ಹತ್ತು ಬಿಟ್ಟು, 4:2:2, ಬಣ್ಣ ನೋಡಿ ಹೆಂಗಿದೆ" ಅಂತ ಹೆಮ್ಮೆಯಿಂದ ಕೊಟ್ಟು ಹೋದ. ಬಣ್ಣ ಚೆನ್ನಾಗೇ ಇತ್ತು, ಸುಳ್ಳು ಹೇಳಬಾರದು. ಆದ್ರೆ ಎಡಿಟಿಂಗ್ ಸಾಫ್ಟ್‌ವೇರಿಗೆ ಹಾಕಿ ಪ್ಲೇ ಒತ್ತಿದೆ ನೋಡಿ, ತಾಳಿ ಕಟ್ಟೋ ದೃಶ್ಯ, ಮದುಮಗನ ಕೈ ಮದುಮಗಳ ಕುತ್ತಿಗೆ ಹತ್ರ ಹೋಗಿ ನಿಂತೇಬಿಡ್ತು. ಗಟ್ಟಿಮೇಳ ಮಾತ್ರ ಹೊಡ್ಕೊಳ್ತಾನೇ ಇದೆ! ಹತ್ತು ಸೆಕೆಂಡ್ ಬಿಟ್ಟು ಚಿತ್ರ ಹಾರಿ ಆರತಿಗೆ ಬಂತು.

ನನ್ನ ಹತ್ರ ಇದ್ದಿದ್ದು ಹಳೇ 4 ಜಿಬಿ ಗ್ರಾಫಿಕ್ಸ್ ಕಾರ್ಡು. ಯಾರನ್ನ ಕೇಳಿದ್ರೂ ಒಂದೇ ಉತ್ತರ, "ಕಾರ್ಡ್ ಬದಲಾಯಿಸಿ". ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೋದೆ, ಎಸ್.ಪಿ. ರೋಡಿಗೆ. ಆ ಓಣಿಗಳಲ್ಲಿ ನಡೆಯೋದೇ ಒಂದು ಖುಷಿ ಬಿಡಿ, ಅದರದ್ದೇ ಇನ್ನೊಂದು ಕಥೆ. ಅಂಗಡಿ ಹುಡುಗ ಕೇಳಿದ ಮೊದಲ ಪ್ರಶ್ನೆ, "ಯಾವ ಗೇಮ್ ಆಡ್ತೀರಾ ಸಾರ್?" ನನ್ನ ತಲೆ ಕೂದಲು ನೋಡಿಯಾದ್ರೂ ಕೇಳಬಾರದಿತ್ತು. 34,000 ರೂಪಾಯಿ ಕೊಟ್ಟು ಹೊಸ ಸರಣಿಯ 8 ಜಿಬಿ ಕಾರ್ಡ್ ತಂದೆ. ಅರ್ಧ ದುಡ್ಡು ಹೆಂಡತಿಯ ಚೀಟಿಯದ್ದು.

ಮನೆ ತುಂಬಿಸಿಕೊಳ್ಳೋಕೆ ಹೋದ್ರೆ ಕಾರ್ಡು ಕ್ಯಾಬಿನೆಟ್ಟಿನೊಳಗೇ ಹೋಗಲಿಲ್ಲ! ಮೂರು ಫ್ಯಾನಿನ ಕಾರ್ಡು, ಹಾರ್ಡ್‌ಡಿಸ್ಕ್ ಕೂರಿಸೋ ಗೂಡಿಗೆ ಮೂತಿ ತಾಗ್ತಿತ್ತು. ಗೂಡು ಬಿಚ್ಚಿ, ಹಾರ್ಡ್‌ಡಿಸ್ಕುಗಳನ್ನ ಕೆಳಗೆ ಮಲಗಿಸಿದೆ. ಆಮೇಲೆ ನೋಡಿದ್ರೆ ಕರೆಂಟಿಗೆ ಎಂಟು ಪಿನ್ನಿನ ವೈರು ಬೇಕಂತೆ. ನನ್ನ ಹಳೇ ಕಾರ್ಡಿಗೆ ಪ್ರತ್ಯೇಕ ವೈರೇ ಬೇಕಿರಲಿಲ್ಲ. ಮದರ್‌ಬೋರ್ಡಿನ ಸ್ಲಾಟು 75 ವ್ಯಾಟ್ ಕೊಡುತ್ತೆ, ಅದರಲ್ಲೇ ಬದುಕಿತ್ತು ಪಾಪ. ಎಂಟು ಪಿನ್ನಿನ ವೈರು ಅಂದ್ರೆ ಮತ್ತೆ 150 ವ್ಯಾಟ್ ತನಕ. ನನ್ನ ಎಸ್‌ಎಂಪಿಎಸ್ಸಿನಲ್ಲಿ ಆ ವೈರೇ ಇಲ್ಲ. ಹಾರ್ಡ್‌ಡಿಸ್ಕಿನ ವೈರಿಂದ ಎಳೆಯೋ ಅಡಾಪ್ಟರ್ ಸಿಗುತ್ತೆ ಅಂದ್ರು. ಬೇರೆಯವರ ಮದುವೆ ತುಂಬಿರೋ ಡಿಸ್ಕುಗಳ ಪಕ್ಕ ವೈರ್ ಸುಟ್ಟುಕೊಳ್ಳೋ ಧೈರ್ಯ ನಂಗಿರಲಿಲ್ಲ. ಹೊಸ ಎಸ್‌ಎಂಪಿಎಸ್ ತರಿಸಿದೆ, ಇನ್ನೊಂದು ಐದು ಸಾವಿರ. ಬರೋಕೆ ನಾಲ್ಕು ದಿನ.

ಅಂತೂ ಇಂತೂ ಎಲ್ಲಾ ಹಾಕಿ, ದೇವರಿಗೆ ಊದುಬತ್ತಿ ಹಚ್ಚಿ, ಪ್ಲೇ ಒತ್ತಿದೆ.

ಮದುಮಗನ ಕೈ ಕುತ್ತಿಗೆ ಹತ್ರ ಹೋಗಿ ನಿಂತ್ಕೊಳ್ತು. ಗಟ್ಟಿಮೇಳ, ಗಟ್ಟಿಮೇಳ...

ಆವತ್ತು ಆ ಕುರ್ಚಿಯಲ್ಲಿ ಎಷ್ಟು ಹೊತ್ತು ಸುಮ್ಮನೆ ಕೂತಿದ್ದೆನೋ ಗೊತ್ತಿಲ್ಲ. ಆಮೇಲೆ ಡ್ರೈವರ್ ತೆಗೆದು ಹಾಕಿದೆ, ಹಳೇ ಡ್ರೈವರ್ ಹಾಕಿದೆ, ವಿಂಡೋಸೇ ಹೊಸದಾಗಿ ಹಾಕಿದೆ. ಒಂದು ವಾರ ಹೀಗೇ ಹೋಯ್ತು. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದ್ರೆ ಪ್ರೊಸೆಸರ್ 100 ಪರ್ಸೆಂಟ್ ಏದುಸಿರು ಬಿಡ್ತಿದೆ, ಹೊಸ ಕಾರ್ಡಿನ ವಿಡಿಯೋ ಡಿಕೋಡ್ ಗೆರೆ ಸೊನ್ನೆಯಲ್ಲಿ ಮಲಗಿದೆ. ಕೆಲಸಕ್ಕೆ ಕರ್ಕೊಂಡು ಬಂದವನು ಕಟ್ಟೆ ಮೇಲೆ ಕೂತು ಕವಳ ಹಾಕ್ತಿದ್ದಂಗೆ.

ಗುಟ್ಟು ಬಿಡಿಸಿದ್ದು ನನ್ನ ಅಕ್ಕನ ಮಗ. ಇಂಜಿನಿಯರಿಂಗ್ ಓದ್ತಾನೆ, ಕಾಲೇಜ್ ಡೇ ವಿಡಿಯೋ ಎಲ್ಲ ಮಾಡ್ತಾನೆ. ರಜೆಗೆ ಬಂದಿದ್ದ. ತನ್ನ ಲ್ಯಾಪ್‌ಟಾಪಿಗೆ ಅದೇ ಫೈಲ್ ಹಾಕ್ಕೊಂಡು, ನನ್ನದೇ ಸಾಫ್ಟ್‌ವೇರಿನಲ್ಲಿ ಪ್ಲೇ ಮಾಡಿದ. ಬೆಣ್ಣೆ ಹಂಗೆ ಓಡ್ತು ಕಣ್ರೀ! ತಾಳಿ ಕಟ್ಟಿಯೇಬಿಟ್ಟ ಮದುಮಗ. ಆ ಲ್ಯಾಪ್‌ಟಾಪಿನಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡೇ ಇಲ್ಲ. ಇಂಟೆಲ್ 11ನೇ ತಲೆಮಾರಿನ ಐ5 ಪ್ರೊಸೆಸರಿನ ಒಳಗೇ ಇರೋ ಪುಕ್ಕಟೆ ಗ್ರಾಫಿಕ್ಸ್ ಅಷ್ಟೇ.

"ಮಾವ, ನಿಮ್ಮ ಪ್ರೊಸೆಸರ್ ಹೆಸರಿನ ಕೊನೆಗೆ ಎಫ್ ಅಂತ ಇದೆಯಾ ನೋಡಿ" ಅಂದ. ಇತ್ತು. 2022ರಲ್ಲಿ ಅಸೆಂಬಲ್ ಮಾಡಿಸುವಾಗ ನಾನೇ ಕೇಳಿ ಹಾಕಿಸಿದ್ದು. ಎಫ್ ಅಂದ್ರೆ ಒಳಗಿನ ಗ್ರಾಫಿಕ್ಸ್ ಇಲ್ಲದ ಪ್ರೊಸೆಸರ್. ಹೇಗೂ ಬೇರೆ ಕಾರ್ಡ್ ಹಾಕ್ತೀನಲ್ಲ, ಸುಮ್ಮನೆ ಯಾಕೆ ದಂಡ ಅಂತ 1,800 ರೂಪಾಯಿ ಉಳಿಸಿದ್ದೆ. ಬುದ್ಧಿವಂತ!

ವಿಷಯ ಏನಂದ್ರೆ, ಚುಕ್ಕಿ ರಂಗೋಲಿ ನೆನಪು ಮಾಡ್ಕೊಳ್ಳಿ. ವಿಡಿಯೋದಲ್ಲಿ ಬೆಳಕು-ನೆರಳಿನ ಲೆಕ್ಕ ಪ್ರತಿ ಚುಕ್ಕಿಗೂ ಇರುತ್ತೆ. ಬಣ್ಣವನ್ನ ಮಾತ್ರ ಹಂಚ್ಕೋಬೇಕು. ಮಾಮೂಲಿ ವಿಡಿಯೋದಲ್ಲಿ ನಾಲ್ಕು ಚುಕ್ಕಿಗೆ ಒಂದು ಬಣ್ಣ, ಅದು 4:2:0. ಹೊಸ ಕ್ಯಾಮೆರಾಗಳ 4:2:2ರಲ್ಲಿ ಎರಡು ಚುಕ್ಕಿಗೊಂದು. ಹತ್ತು ಬಿಟ್ ಅಂದ್ರೆ ಒಂದೊಂದಕ್ಕೂ 256 ಮೆಟ್ಟಿಲ ಬದಲು 1,024. ಇಷ್ಟನ್ನೂ ಎಚ್.265 ಅನ್ನೋ ಪದ್ಧತಿಯಲ್ಲಿ ಗಟ್ಟಿಯಾಗಿ ಮಡಚಿ ಇಟ್ಟಿರ್ತಾರೆ. ಬಿಡಿಸಿ ಹರಡೋಕೆ ಚಿಪ್ಪಿನಲ್ಲಿ ಅದಕ್ಕೇ ಅಂತ ಒಂದು ಮೂಲೆ ಇರಬೇಕು. ಕಾರ್ಡು ಎಷ್ಟು ಶಕ್ತಿಶಾಲಿ, ಎಷ್ಟು ಜಿಬಿ ಅನ್ನೋದಕ್ಕೂ ಆ ಮೂಲೆಗೂ ಸಂಬಂಧ ಇಲ್ಲ. ನಾನು ತಂದ ಸರಣಿಯ ಕಾರ್ಡುಗಳ ಮೂಲೆಗೆ 4:2:0 ಬಿಡಿಸೋಕೆ ಬರ್ತಿತ್ತು, 4:2:2 ಬರ್ತಿರಲಿಲ್ಲ. ಇಂಟೆಲ್ಲಿನ ಒಳಗಿನ ಗ್ರಾಫಿಕ್ಸಿಗೆ ಬರ್ತಿತ್ತು. ಎನ್ವಿಡಿಯಾದವರು 2025ರಲ್ಲಿ ತಂದ 50ರ ಸರಣಿಯಲ್ಲಿ ಇದನ್ನ ಸೇರಿಸಿದ್ರು. ನನ್ನ 34,000 ಆಗಲೇ ಹೋಗಿ ವರ್ಷ ಆಗಿತ್ತು.

ಯಾರೂ ಮೋಸ ಮಾಡಲಿಲ್ಲ ನೋಡಿ. ಇಂಥ ಮಾಹಿತಿ ಡೆವಲಪರುಗಳಿಗಂತ ಹಾಕಿದ ಕೋಷ್ಟಕದಲ್ಲಿ ಇದ್ದೇ ಇರುತ್ತೆ. ಕ್ಯಾಮೆರಾ ಒಳ್ಳೆಯದು, ಕಾರ್ಡ್ ಒಳ್ಳೆಯದು, ಪ್ರೊಸೆಸರ್ ಒಳ್ಳೆಯದು. ಸಾಲಾವಳಿ ಮಾತ್ರ ಆಗಲಿಲ್ಲ. ಜಾತಕದ 36 ಗುಣದಲ್ಲಿ ನಾಡಿಗೇ 8 ಅಂಕ. ಉಳಿದ 28 ಪೂರ್ತಿ ಬಂದ್ರೂ ನಾಡಿದೋಷ ಇದ್ರೆ ಬೇಡ ಅನ್ನೋರಿದ್ದಾರೆ. ನನ್ನ ಕಾರ್ಡಿನ ನಾಡಿದೋಷ 4:2:2.

ಹಿಂದೆ ಎಜಿಪಿ ಸ್ಲಾಟಿನ ಕಾಲದಲ್ಲಿ ಕಾರ್ಡಿನ ಅಂಚಿಗೆ ಕಚ್ಚು ಇರ್ತಿತ್ತು. ವೋಲ್ಟೇಜ್ ಹೊಂದದ ಕಾರ್ಡು ಬಹುಪಾಲು ಸ್ಲಾಟಿನೊಳಗೇ ಇಳೀತಿರಲಿಲ್ಲ, ಆಗಲ್ಲ ಅಂತ ಕೈಗೇ ಗೊತ್ತಾಗ್ತಿತ್ತು. ಈಗ ಸ್ಲಾಟೆಲ್ಲ ಒಂದೇ ಥರ, ಸಲೀಸಾಗಿ ಕೂರುತ್ತೆ, ಫ್ಯಾನ್ ತಿರುಗುತ್ತೆ, ಬಣ್ಣದ ದೀಪ ಹತ್ತುತ್ತೆ. ಹೊಂದದೇ ಇರೋದು ಎಲ್ಲೋ ಒಳಗೆ, ಕಣ್ಣಿಗೆ ಕಾಣಲ್ಲ.

ಕೆಲವು ಸಲ ಹೊಂದಿಕೆ ಬರೀ ಕಾಗದದ ಮೇಲಿನದ್ದೂ ಆಗಿರುತ್ತೆ. 2010ರಲ್ಲಿ ಅಡೋಬಿ ಪ್ರೀಮಿಯರ್ ಸಿಎಸ್5 ಬಂದಾಗ, ಗ್ರಾಫಿಕ್ಸ್ ಕಾರ್ಡಿನಿಂದ ವೇಗ ಸಿಗೋದು ಅವರ ಪಟ್ಟಿಯಲ್ಲಿದ್ದ ಕೆಲವೇ ದುಬಾರಿ ಕಾರ್ಡುಗಳಿಗೆ ಮಾತ್ರ. ಆ ಪಟ್ಟಿ ಒಂದು ಪುಟ್ಟ ಟೆಕ್ಸ್ಟ್ ಫೈಲು. ಯಾರೋ ಪುಣ್ಯಾತ್ಮರು ಕಂಡುಹಿಡಿದ್ರು, ನೋಟ್‌ಪ್ಯಾಡಿನಲ್ಲಿ ಅದನ್ನ ತೆರೆದು ನಮ್ಮ ಕಾರ್ಡಿನ ಹೆಸರು ಬರೆದು ಸೇವ್ ಮಾಡಿದ್ರೆ ಮುಗೀತು! ನಾನೂ ಬರೆದಿದ್ದೆ, ಓಡಿತ್ತು. ಕುಲಗೋತ್ರ ತಿದ್ದಿ ಮದುವೆ ಮಾಡಿಸಿದಂಗೆ.

ಅದಕ್ಕೆ ಉಲ್ಟಾನೂ ಇದೆ. ಆಪಲ್‌ನ 2010, 2012ರ ದೊಡ್ಡ ಮ್ಯಾಕ್ ಪ್ರೊ ಡಬ್ಬಗಳಲ್ಲಿ ಎಷ್ಟೋ ಎಡಿಟರುಗಳು ಎನ್ವಿಡಿಯಾ ಕಾರ್ಡ್ ಹಾಕ್ಕೊಂಡು ಹಾಯಾಗಿದ್ರು. 2018ರಲ್ಲಿ ಮೊಹಾವೆ ಬಂತು, ಎನ್ವಿಡಿಯಾದ ಹೊಸ ಕಾರ್ಡುಗಳಿಗೆ ಅದರಲ್ಲಿ ಡ್ರೈವರೇ ಬರಲಿಲ್ಲ. ಕಾರ್ಡು ಕೆಟ್ಟಿಲ್ಲ, ಮೆಷಿನ್ ಕೆಟ್ಟಿಲ್ಲ, ಎರಡು ಮನೆಯವರಿಗೆ ಮಾತಿಲ್ಲ ಅಷ್ಟೇ. ಇನ್ನು 2023ರ ಮ್ಯಾಕ್ ಪ್ರೊನಲ್ಲಿ ಸ್ಲಾಟುಗಳಿವೆ, ಆದ್ರೆ ಗ್ರಾಫಿಕ್ಸ್ ಕಾರ್ಡ್ ಹಾಕಿದ್ರೆ ಅದು ಒಪ್ಪಲ್ಲ. ದೊಡ್ಡ ದೊಡ್ಡ ಸ್ಟುಡಿಯೋದವರ ಪಾಡೇ ಹೀಗಿರುವಾಗ ಔಷಧಿ ಅಂಗಡಿ ಮಹಡಿಯವನದೇನು!

ಇದೆಲ್ಲ ಸಮಾಧಾನಕ್ಕೆ ಈಗ ಹೇಳ್ಕೊಳ್ಳೋದು. ಆವಾಗ ಏನಾಯ್ತು ಅಂದ್ರೆ, ಹದಿನೈದು ದಿನ ಅಂದಿದ್ದು ಮೂವತ್ತೆಂಟು ದಿನ ಆಗಿತ್ತು. ಮದುಮಗಳ ಅಪ್ಪ ವಾರಕ್ಕೆರಡು ಸಲ ಫೋನ್ ಮಾಡೋರು, ಒಂದು ದಿನವೂ ರೇಗಲಿಲ್ಲ. ಆವತ್ತು ಮಾತ್ರ ಧ್ವನಿ ಬೇರೆ ಥರ ಇತ್ತು. "ಅಮ್ಮನ್ನ ಶಿವಮೊಗ್ಗಕ್ಕೆ ಆಸ್ಪತ್ರೆಗೆ ಕರ್ಕೊಂಡು ಬಂದಿದೀವಿ. ಆಗಿದ್ದಷ್ಟಾದ್ರೂ ಕೊಡ್ತೀಯೇನಪ್ಪಾ?"

ಏನೂ ಆಗಿರಲಿಲ್ಲ ಅಂತ ಹೆಂಗೆ ಹೇಳಲಿ? ನಾನು ಕಾರ್ಡ್ ಕೂರಿಸ್ತಾ ಇದ್ದೆ ಅಂತ ಹೇಳಲಾ?

ನಾಚಿಕೆಯ ವಿಷಯ ಏನು ಅಂದ್ರೆ, ದಾರಿ ನಂಗೆ ಮೊದಲಿಂದ ಗೊತ್ತಿತ್ತು. ಪ್ರಾಕ್ಸಿ ಅಂತಾರೆ. ಭಾರೀ ಫೈಲುಗಳಿಗೆಲ್ಲ ಹಗುರವಾದ ಸಣ್ಣ ನಕಲು ಮಾಡಿ, ನಕಲಿನ ಮೇಲೆ ಎಡಿಟ್ ಮಾಡೋದು. ನಕಲು ಮಾಡೋಕೆ ಒಂದೆರಡು ರಾತ್ರಿ ಹಿಡಿಯುತ್ತೆ ಅಷ್ಟೇ. ಯಾವ ಕಾರ್ಡೂ ಬೇಡ. ಆದ್ರೆ 34,000 ಕೊಟ್ಟ ಮೇಲೆ ಪ್ರಾಕ್ಸಿ ಮಾಡೋದು ಅಂದ್ರೆ ಹೊಸ ಕಾರು ತಗೊಂಡು ತಳ್ಕೊಂಡು ಹೋದಂಗೆ ಅನ್ನಿಸ್ತಿತ್ತು. ಕಾರ್ಡ್ ಓಡಲೇಬೇಕು ಅನ್ನೋ ಹಟದಲ್ಲಿ ನಾನು ಕಳೆದಿದ್ದು ನನ್ನ ದಿನಗಳನ್ನಲ್ಲ, ಆ ಅಜ್ಜಿಯ ದಿನಗಳನ್ನ.

ಎರಡು ರಾತ್ರಿ ನಕಲು ಮಾಡೋಕೆ ಬಿಟ್ಟೆ, ಮೂರನೇ ದಿನ ಕೂತು 22 ನಿಮಿಷದ್ದು ಕತ್ತರಿಸಿದೆ. ಬಣ್ಣ ತಿದ್ದಲಿಲ್ಲ, ಹಾಡು ಹಾಕಲಿಲ್ಲ. ಅವರ ಮನೆ ಟಿವಿ ಹಳೇದು, ಎಚ್.265 ತೆಗೆಯಲ್ಲ ಅಂತ ಈ ಸಲ ಮೊದಲೇ ಕೇಳ್ಕೊಂಡು, ಎಚ್.264ರಲ್ಲಿ ಪೆನ್‌ಡ್ರೈವಿಗೆ ಹಾಕಿ ನಾನೇ ಬೈಕಿನಲ್ಲಿ ಹೋದೆ. ಅಜ್ಜಿಯನ್ನ ಹಿಂದಿನ ದಿನವಷ್ಟೇ ಮನೆಗೆ ತಂದಿದ್ರು. ಟಿವಿ ಮುಂದೆ ಮಂಚ ಎಳೆದು ಹಾಕಿದ್ರು. ಮದುಮಗನ ಕೈ ಕುತ್ತಿಗೆ ಹತ್ರ ಹೋಯ್ತು, ನಾನು ಉಸಿರು ಬಿಗಿ ಹಿಡಿದೆ. ನಿಲ್ಲಲಿಲ್ಲ. ಅಜ್ಜಿ ಮಲಗಿದಲ್ಲೇ ಎರಡು ಕೈ ಎತ್ತಿ ಅಕ್ಷತೆ ಹಾಕಿದಂಗೆ ಮಾಡಿದ್ರು.

ಎರಡು ಸಲ ನೋಡಿದ್ರು. ಆಮೇಲೆ ನನ್ನ ಕಡೆ ತಿರುಗಿ, "ಚೊಲೋ ಆಯ್ದು ತಮಾ. ಊಟದ ಪಂಕ್ತಿ ಒಂದು ಇಲ್ಲೆ. ಯಾರ್ಯಾರು ಬಂದಿದ್ರು ಅಂತ ಅದರಲ್ಲೇ ಅಲ್ದಾ ಕಾಣೋದು?" ಅಂದ್ರು. ಊಟದ ಪಂಕ್ತಿಯನ್ನ ನಾನು ಬೋರು ಅಂತ ಕತ್ತರಿಸಿ ಹಾಕಿದ್ದೆ! ಮರುದಿನವೇ ಪಂಕ್ತಿಯ ಹನ್ನೊಂದು ನಿಮಿಷ ಸೇರಿಸಿ ಕೊಟ್ಟು ಬಂದೆ.

ಬಣ್ಣ ಎಲ್ಲ ತಿದ್ದಿ 4ಕೆ ಪೂರ್ತಿ ವಿಡಿಯೋ ಕೊಟ್ಟಿದ್ದು ಮೇ ಕೊನೆಗೆ. ಆ ಮಳೆಗಾಲದಲ್ಲಿ ಅಜ್ಜಿ ಹೋದ್ರು. 4ಕೆಯದ್ದನ್ನ ನೋಡಿದ್ರಾ ಅಂತ ನಾನು ಕೇಳೋಕೆ ಹೋಗಲಿಲ್ಲ. ಪಂಕ್ತಿ ನೋಡಿದ್ರಲ್ಲ, ಸಾಕು.

ಕಂಪ್ಯೂಟರಿನಲ್ಲೇ ಅನ್ನ ಹುಟ್ಟಿಸ್ಕೊಳ್ಳೋ ನನ್ನಂಥ ಬಂಧುಗಳಿಗೆ ಒಂದು ಮಾತು. ಕಾರ್ಡ್ ತರೋಕೆ ಮುಂಚೆ ಎಷ್ಟು ಜಿಬಿ ಅಂತ ಕೇಳೋದಕ್ಕಿಂತ, ನಿಮ್ಮ ಕೆಲಸದ ಒಂದು ನಿಜವಾದ ಫೈಲನ್ನ ಪೆನ್‌ಡ್ರೈವಿನಲ್ಲಿ ಹಾಕ್ಕೊಂಡು ಹೋಗಿ, ಆ ಕಾರ್ಡ್ ಇರೋ ಯಾರದ್ದಾದ್ರೂ ಮೆಷಿನ್ನಿನಲ್ಲಿ ಓಡಿಸಿ ನೋಡಿ. ಕ್ಯಾಬಿನೆಟ್ ಅಳತೆ, ಎಸ್‌ಎಂಪಿಎಸ್ ವೈರು ನೋಡ್ಕೊಳ್ಳಿ. ಹೆಣ್ಣು ನೋಡೋಕೆ ಹೋದಂಗೆ ಫೋಟೋ ನೋಡಿ ಒಪ್ಪಬೇಡಿ :-)

ನಿಮಗೂ ಹಿಂಗೇನಾದ್ರೂ ಆಗಿದ್ರೆ ಹೇಳಿ ಮಾರಾಯ್ರೆ, ನಾನೊಬ್ಬನೇ ಪೆದ್ದ ಅಲ್ಲ ಅಂತ ಸಮಾಧಾನ ಮಾಡ್ಕೊಳ್ತೀನಿ.

ಕೊಸರು: ಆಮೇಲೆ ಎಫ್ ಪ್ರೊಸೆಸರನ್ನ ನಷ್ಟಕ್ಕೆ ಮಾರಿ, ಎಫ್ ಇಲ್ಲದ್ದು ಹಾಕಿಸಿದೆ. ಪ್ಲೇ ಒತ್ತಿದೆ. ನಿಂತ್ಕೊಳ್ತು! ಹೊರಗೆ ಕಾರ್ಡ್ ಇದ್ರೆ ಒಳಗಿನ ಗ್ರಾಫಿಕ್ಸನ್ನ ಮದರ್‌ಬೋರ್ಡು ತಾನೇ ಆಫ್ ಮಾಡಿಟ್ಟಿರುತ್ತಂತೆ, ಬಯಾಸಿಗೆ ಹೋಗಿ ಆನ್ ಮಾಡ್ಬೇಕಂತೆ. ಈ ಸಲ ಬೇರೆ ಏನೂ ಬಿಚ್ಚದೆ, ಸೀದಾ ಅಕ್ಕನ ಮಗನಿಗೆ ಫೋನ್ ಮಾಡಿದ್ದೆ.